ವಿರೂಪಾಕ್ಷಪ್ಪನವರ ಊಟದ ವರದಿ

ಡಾಕ್ಟರ್ ಮಾವನಿಗೆ,

ನರಸಿಂಹರಾಜಪುರಕ್ಕೆ ಹೋಗಿ ಬಂದೆ. ವಿರೂಪಾಕ್ಷಪ್ಪನವರು ಊಟ ಮಾಡುವುದನ್ನು ಕಣ್ಣಾರೆ ನೋಡಿದೆ. ಇಷ್ಟನ್ನು ಹೇಳೋಣವೆಂದು ವಾಪಸು ಬರುವಷ್ಟರಲ್ಲಿ ಕೇಳಬೇಕಾದ ನೀವೇ ಇರಲಿಲ್ಲ. ನೀವು ಕಳಿಸಿದ ಕಡೆಗೆಲ್ಲ ಹೋಗಿ, ಕಂಡದ್ದನ್ನು ನಿಮ್ಮೆದುರು ಒಪ್ಪಿಸಿಯೇ ಮನೆಗೆ ಹೋಗುತ್ತಿದ್ದವಳು ನಾನು. ಇದೊಂದು ಒಪ್ಪಿಸುವುದು ಉಳಿದುಬಿಟ್ಟಿತು. ನಿಮಗೆ ಬೇಕಿದ್ದದ್ದು ಆ ಅಜ್ಜನ ಹಲ್ಲಿನ ಸೆಟ್ಟಿನ ಸುದ್ದಿ ಮಾತ್ರ ಅಲ್ಲ ಎಂಬುದು ನನಗೆ ಗೊತ್ತು. ಅದನ್ನು ಮಾಡಿದ ಅಶ್ವಿನಿ ತನ್ನ ಕೆಲಸವನ್ನು ತಾನೇ ನೋಡಬಲ್ಲಳೇ, ನೀವು ಹಿಂದೆ ನಿಲ್ಲದಿದ್ದರೂ... ಆಸ್ಪತ್ರೆಯ ಹಾಸಿಗೆಯಿಂದ ಫೋನ್ ಮಾಡಿದಾಗಲೂ ನಿಮಗೆ ಅದೇ ಯೋಚನೆ. ಆದ್ದರಿಂದ ಕೂತು ಬರೆಯುತ್ತಿದ್ದೇನೆ. ಸಕ್ಕರೆ ಹಾಕುವುದಿಲ್ಲ. ಹಾಕಿದರೆ ನಿಮಗೆ ಸೇರುತ್ತಿರಲಿಲ್ಲ.

ನಿಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಮೊದಲ ದಿನ ನೆನಪಿದೆಯೇ? ನೀವು ಅಪ್ಪನ ಜೊತೆ ಶಾಲೆಗೆ ಹೋದವರು, ಅದಕ್ಕೇ ನಾನು ನಿಮ್ಮನ್ನು ಮಾವ ಎನ್ನುತ್ತಿದ್ದದ್ದು. ಇಲ್ಲದಿದ್ದರೆ ರಕ್ತದ ನೆಂಟಸ್ತಿಕೆ ಏನೂ ಇಲ್ಲ. ಬಾಳಗಡಿಯ ಪಂಕ್ಚರ್ ಅಂಗಡಿಯಲ್ಲಿ ಅಪ್ಪ ನಿಮ್ಮ ಸ್ಕೂಟರಿನ ಟ್ಯೂಬು ಬಿಚ್ಚುತ್ತಿರುವಾಗ ನಾನು ಕೆನ್ನೆ ಹಿಡಿದುಕೊಂಡು ನಿಂತಿದ್ದೆ. ನೀವು ಬಾ ಅಂದಿರಿ. ಕೊಪ್ಪದ ಆ ಸಣ್ಣ ಕ್ಲಿನಿಕ್ಕಿನಲ್ಲಿ ಘಟ್ಟದ ಕೆಳಗಿನ ದಂತ ಕಾಲೇಜಿನಿಂದ ತರಬೇತಿಗೆ ಬಂದ ಹುಡುಗನೊಬ್ಬ ನನ್ನ ದವಡೆ ಹಲ್ಲನ್ನು ಕೊರೆದು ತುಂಬಿದ. ಮುಗಿದ ಮೇಲೆ ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದಿರಿ. ಹ್ಯಾಗಿದೆ ಅಂತ. ನಾನು ಹೇಳಿದೆ, ಇವರಿಗೆ ಕೈ ನಡುಗುತ್ತಿತ್ತು, ಹಲ್ಲು ಕಚ್ಚಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತಿದೆ, ನೋವಾದಾಗ ಕೈ ಎತ್ತಿದೆ, ಅವರು ನೋಡಲಿಲ್ಲ. ಹುಡುಗನ ಮುಖ ಬಿಳುಚಿತು. ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿರಿ. ಆಮೇಲೆ ನನ್ನನ್ನು ಬಿಟ್ಟು ಅವನ ಹತ್ತಿರ ಕೇಳಿದಿರಿ, ಈಗ ಹೇಳು, ನಿನಗೆ ಇದರಲ್ಲಿ ಎಷ್ಟು ಮೊದಲೇ ಗೊತ್ತಿತ್ತು?

ಅವನು ಏನು ಹೇಳಿದನೋ ಮರೆತಿದೆ. ಆ ಪ್ರಶ್ನೆ ಮಾತ್ರ ಮರೆತಿಲ್ಲ. ಯಾಕೆಂದರೆ ಅಲ್ಲಿಯವರೆಗೆ ನನ್ನ ಬಾಯಿಯಿಂದ ಯಾರಿಗೂ ಉಪಕಾರ ಆಗಿರಲಿಲ್ಲ.

ಪಿಯುಸಿಯ ರಸಾಯನಶಾಸ್ತ್ರದ ಪ್ರಾಕ್ಟಿಕಲ್ಲಿನ ಕಥೆಯನ್ನು ನಿಮಗೊಬ್ಬರಿಗೇ ಪೂರ್ತಿ ಹೇಳಿದ್ದು. ಪ್ರನಾಳದಲ್ಲಿ ಬಿಳಿ ಗಸಿ ಬರಬೇಕಿತ್ತು. ನನ್ನದರಲ್ಲಿ ಬರಲಿಲ್ಲ. ಮೇಷ್ಟ್ರು ಬಂದು, ಬರುತ್ತೆ ಅಂತ ಬರಿ, ಎಲ್ಲರೂ ಹಾಗೇ ಬರೆದಿದ್ದಾರೆ ಎಂದರು. ಬರದೇ ಇದ್ದದ್ದನ್ನು ಬಂತು ಅಂತ ಹೇಗೆ ಬರೆಯುವುದು ಸರ್ ಎಂದೆ. ಮಾತಿಗೆ ಮಾತು ಬೆಳೆಯಿತು, ನಾನು ಪೆನ್ನು ಇಟ್ಟು ಎದ್ದುಬಂದೆ, ಮತ್ತೆ ಹೋಗಲಿಲ್ಲ. ಅದಾದ ಮೇಲೆ ಶೃಂಗೇರಿಯಲ್ಲಿ ಸೀರೆ ಅಂಗಡಿ ಸೇರಿದೆ. ಇದು ಬಣ್ಣ ಬಿಡುತ್ತೆ ಅಕ್ಕ ಎಂದು ಗಿರಾಕಿಗೆ ಹೇಳಿದ್ದಕ್ಕೆ ಅಲ್ಲಿಂದ ಹೊರಟೆ. ಅದೇ ಬೀದಿಯ ವಸತಿಗೃಹದ ಕೌಂಟರಿನಲ್ಲಿ ಕೂತೆ. ಬಿಸಿನೀರು ಬರುತ್ತಾ ಎಂದು ಕೇಳಿದ ಯಾತ್ರಿಕರಿಗೆ ಕೆಲವೊಮ್ಮೆ ಎಂದೆ, ಅದೂ ಮುಗಿಯಿತು. ಅಮ್ಮ ನನ್ನನ್ನು ನೋಡುತ್ತಾ, ಈ ಕೂಸು ಎಲ್ಲೂ ನಿಲ್ಲೋದಿಲ್ಲ, ಬಾಯಿಯೂ ನಿಲ್ಲೋದಿಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದಳು. ನೀವು ಅವೆರಡೂ ದೋಷಗಳನ್ನು ಕೇಳಿಕೊಂಡು ಹೇಳಿದ್ದು ಒಂದೇ ಮಾತು.

"ನಿಲ್ಲದೇ ಇರೋದೇ ಒಳ್ಳೇದಾಯ್ತು ಮಾರಾಯ್ತಿ. ನಂಗೆ ತಿರುಗೋರು ಬೇಕು."

ನಮ್ಮ ಜನ ಡಾಕ್ಟರಿಗೆ ನಿಜ ಹೇಳುವುದಿಲ್ಲ ಎಂಬುದನ್ನು ನೀವು ಆ ಸಂಜೆ ವಿವರಿಸಿದಿರಿ. ಅಲ್ಲಿಯವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಕುರ್ಚಿಯ ಕೈ ಮುರಿಯುವ ಹಾಗೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ನೋವಿಲ್ಲ ಡಾಕ್ಟ್ರೇ ಎನ್ನುವ ಜನ. ದೂರದ ಊರಿನ ಮಕ್ಕಳು, ಪಾಪ, ಕಲಿಯಲು ಬಂದಿದ್ದಾರೆ, ಅವರ ಮನಸ್ಸು ಯಾಕೆ ನೋಯಿಸುವುದು ಎಂದು ಸುಮ್ಮನಾಗುವವರು. ಶೃಂಗೇರಿಯ ಒಬ್ಬ ಅಮ್ಮ ತರಬೇತಿಯ ಹುಡುಗನಿಗೆ, ಚಿನ್ನದಂಥ ಕೈ ಮಗ ನಿಂದು ಎಂದು ಬಾಳೆಹಣ್ಣಿನ ಚಿಪ್ಪು ಕೊಟ್ಟು ಹೋಗಿ, ಆಮೇಲೆ ತಿಂಗಳುಗಟ್ಟಲೆ ಇನ್ನೊಂದು ಕಡೆಯಿಂದಲೇ ಅಗಿದು ತಿನ್ನುತ್ತಿದ್ದರಂತೆ. ಆ ಹುಡುಗನೋ ತನ್ನ ಕೈ ಚಿನ್ನದ್ದೆಂದು ನಂಬಿಕೊಂಡೇ ಊರಿಗೆ ಹೋದ.

"ಕಾಲೇಜಿಂದ ಬರೋ ಈ ಮಕ್ಕಳು ಹಲ್ಲು ನೋಡಲ್ಲ ಪೂರ್ಣಿ, ನನ್ನ ಮುಖ ನೋಡ್ತಾರೆ," ಎಂದಿರಿ. "ನನ್ನ ಹುಬ್ಬು ಮೇಲೆ ಹೋದ್ರೆ ತಪ್ಪಾಯ್ತು, ಕೆಳಗೆ ಬಂದ್ರೆ ಸರಿಯಾಯ್ತು. ನಾಳೆ ಎಲ್ಲೋ ಒಂದು ಊರಲ್ಲಿ ಬೋರ್ಡು ಹಾಕ್ಕೊಂಡು ಒಬ್ರೇ ಕೂತಾಗ ನನ್ನ ಹುಬ್ಬನ್ನ ಎಲ್ಲಿಂದ ತರ್ತಾರೆ?"

ಹೀಗೆ ನನಗೊಂದು ಕೆಲಸ ಸಿಕ್ಕಿತು. ಆ ಕೆಲಸಕ್ಕೆ ಹೆಸರಿರಲಿಲ್ಲ. ಹಲ್ಲು ಕಟ್ಟಿಸಿಕೊಂಡವರ, ತುಂಬಿಸಿಕೊಂಡವರ ಮನೆಗೆ ಊಟದ ಹೊತ್ತಿಗೆ ಸರಿಯಾಗಿ ಹೋಗುವುದು. ಮಲೆನಾಡಿನ ಮನೆಗೆ ಊಟದ ಹೊತ್ತಿಗೆ ಹೋದವಳನ್ನು ಊಟಕ್ಕೆ ಕೂರಿಸದೆ ಬಿಡುತ್ತಾರೆಯೇ? ಕೂತ ಮೇಲೆ ಏನೂ ಕೇಳಬಾರದು, ನೋಡಬೇಕು. ಯಾವ ಕಡೆಯಿಂದ ಅಗಿಯುತ್ತಾರೆ. ರೊಟ್ಟಿಯನ್ನು ಪಲ್ಯದ ಜೊತೆ ತಿನ್ನುತ್ತಾರೋ ಸಾರಿನಲ್ಲಿ ನೆನೆಸಿ ನುಂಗುತ್ತಾರೋ. ತುತ್ತಿಗೊಂದು ಗುಟುಕು ನೀರು ಕುಡಿಯುತ್ತಾರೋ. ಬಂದು ನಿಮಗೆ ಹೇಳಬೇಕು, ನೀವು ಆ ಕೆಲಸ ಮಾಡಿದ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮೊದಲು ಅವನ ಅಂದಾಜು ಕೇಳಿ, ಆಮೇಲೆ ನಾನು ಕಂಡದ್ದನ್ನು ಹೇಳಿಸಬೇಕು. ಆ ವರ್ಷ ನಾನು ದಪ್ಪಗಾದೆ. ಅಪ್ಪ, ಇದೆಂಥ ಉದ್ಯೋಗ, ತಿಂದು ಬರೋದಕ್ಕೂ ಸಂಬಳನಾ ಎಂದು ಅಂಗಡಿಗೆ ಬಂದವರ ಎದುರೆಲ್ಲ ನಗೆಯಾಡುತ್ತಿದ್ದ.

ಶೃಂಗೇರಿಯ ಪುರೋಹಿತರ ಮನೆಯ ವಿಷಯಕ್ಕೆ ನೀವು ನನ್ನನ್ನು ಎಷ್ಟು ಕಾಲ ಗೋಳು ಹೊಯ್ದುಕೊಂಡಿರಿ. ಅವರು ಅನ್ನವನ್ನೇ ಮುಟ್ಟಲಿಲ್ಲ, ಬಾಳೆಹಣ್ಣು ಹಾಲು ಮಾತ್ರ, ಸೆಟ್ಟು ಪೂರ್ತಿ ಕೆಟ್ಟಿದೆ ಎಂದು ನಾನು ಗಾಬರಿಯಲ್ಲಿ ಫೋನ್ ಮಾಡಿದ್ದೆ. ನೀವು, ತಾಳು, ಕ್ಯಾಲೆಂಡರ್ ನೋಡ್ತೀನಿ ಎಂದು, ಆಮೇಲೆ ಇವತ್ತು ಏಕಾದಶಿ ಕೂಸೇ ಎಂದಿರಿ. ಅವತ್ತಿನಿಂದ ಹೊಸ ಪದ್ಧತಿ ಬಂತು. ನಾನು ಏನು ಹೇಳಿದರೂ ನಿಮ್ಮ ಮೊದಲ ಪ್ರಶ್ನೆ, ಇದರಲ್ಲಿ ನೀನು ಕಂಡದ್ದು ಎಷ್ಟು, ಊಹಿಸಿದ್ದು ಎಷ್ಟು? ನಾನು ಸಿಡಿಮಿಡಿಗೊಳ್ಳುತ್ತಿದ್ದೆ. ನಾನು ಸುಳ್ಳು ಹೇಳುವವಳಲ್ಲ ಎಂಬ ಜಂಬ ನನಗೆ. ಸುಳ್ಳು ಹೇಳದಿರುವುದು ಬೇರೆ, ತಪ್ಪದೆ ನೋಡುವುದು ಬೇರೆ ಎಂದು ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ... ಇರಲಿ. ನೀವು ಹೇಳಿಕೊಟ್ಟಿರಿ. ಪುಸ್ತಕದಿಂದ ಓಡಿಬಂದವಳಿಗೆ ಅದೊಂದು ಪಾಠ ಸಾಕಾಗುವಷ್ಟಾಯಿತು.

ಅಶ್ವಿನಿ ಬಂದ ದಿನ ನೀವು ನನ್ನ ಕಿವಿಯಲ್ಲಿ, ಈ ಹುಡುಗಿಯ ಕೈ ನೋಡು ಎಂದಿದ್ದಿರಿ. ಹಾವೇರಿ ಕಡೆಯವಳು, ಮಾತು ಕಡಿಮೆ. ಇಂಟರ್ನ್‌ಶಿಪ್ಪಿನ ಕೊನೆಯ ಪೋಸ್ಟಿಂಗ್ ನಿಮ್ಮಲ್ಲಿ. ಇದು ಮುಗಿದರೆ ಅವಳು ಪೂರ್ತಿ ಡಾಕ್ಟರು, ಹಿಂದೆ ನಿಂತು ನೋಡುವವರು ಯಾರೂ ಇರುವುದಿಲ್ಲ. ಕೈ ನಿಜಕ್ಕೂ ಚೆನ್ನಾಗಿತ್ತು. ಆದರೆ ಹೇಗಾಗಿದೆ ಎಂದು ಕೇಳಿದರೆ ಪ್ರತಿ ಸಲವೂ ಒಂದೇ ಉತ್ತರ. ಪರವಾಗಿಲ್ರಿ ಸರ್. ನಿಮಗೆ ಆ ಮಾತು ಕಂಡರೆ ಆಗುತ್ತಿರಲಿಲ್ಲ. ಅದನ್ನು ಹೇಳುವಾಗ ಅವಳ ಕಣ್ಣು ನಿಮ್ಮ ಹುಬ್ಬಿನ ಮೇಲೆಯೇ ಇರುತ್ತಿತ್ತು. ನೀವು ಕುರ್ಚಿ ತಿರುಗಿಸಿ ಅವಳಿಗೆ ಬೆನ್ನು ಹಾಕಿ ಕೂರಲು ಶುರು ಮಾಡಿದಿರಿ. ಒಂದು ವಾರ ಕಳೆಯುವುದರೊಳಗೆ ಅವಳು ನಿಮ್ಮ ಬೆನ್ನನ್ನೂ ಓದಲು ಕಲಿತಳು. ಸರ್ ಹೆಗಲು ಸ್ವಲ್ಪ ಮ್ಯಾಲೆ ಮಾಡಿದ್ರ ಏನೋ ಹೆಚ್ಚುಕಮ್ಮಿ ಆಗೇದ ಅಂತ ಅರ್ಥ ಎಂದು ನನಗೆ ಹೇಳಿದಳು. ಅದನ್ನು ನಾನು ನಿಮಗೆ ಹೇಳಿದೆ. ಮರುದಿನದಿಂದ ನೀವು ಪ್ರಶ್ನೆ ಕೇಳಿ ಎದ್ದು ಹೊರಗಿನ ಜಗಲಿಗೆ ಹೋಗಿ ನಿಲ್ಲತೊಡಗಿದಿರಿ. ಆಗ ಅವಳು ನನ್ನ ಮುಖ ನೋಡಿದಳು. ನಾನೂ ಎದ್ದು ಜಗಲಿಗೆ ಬಂದೆ. ನಾವಿಬ್ಬರೂ ಅಲ್ಲಿ ನಿಂತು ಬಸ್ಸು ನೋಡುವವರ ಹಾಗೆ ರಸ್ತೆ ನೋಡುತ್ತಿದ್ದೆವು. ಒಳಗೆ ಅವಳು, ಪೇಷಂಟು, ಮತ್ತೆ ಆ ಹಲ್ಲು.

ಪೂರ್ತಿ ಸೆಟ್ಟು ಕಟ್ಟುವವರಿಗೆ ನೀವು ಇಟ್ಟಿದ್ದ ಪರೀಕ್ಷೆ ಬೇರೆ. ಬಾಯಿಯ ಪ್ಲಾಸ್ಟರ್ ಅಚ್ಚನ್ನು ಎದುರಿಗಿಟ್ಟು, ಕೈಗೊಂದು ಪೆನ್ಸಿಲ್ ಕೊಟ್ಟು, ಮುಂದೆ ಎಲ್ಲಿ ನೋಯಬಹುದೋ ಅಲ್ಲಿ ಗುರುತು ಹಾಕು ಎನ್ನುತ್ತಿದ್ದಿರಿ. ಹೊಸ ಸೆಟ್ಟು ಎಲ್ಲೋ ಒಂದು ಕಡೆ ಒತ್ತಿಯೇ ಒತ್ತುತ್ತದೆ, ಒತ್ತದ ಸೆಟ್ಟನ್ನು ನಾನು ಇನ್ನೂ ನೋಡಿಲ್ಲ, ನಾನು ಕಟ್ಟಿದ್ದೂ ಸೇರಿ ಎನ್ನುತ್ತಿದ್ದಿರಿ. ನೋವು ಬಂದ ಮೇಲೆ ಆ ಗುರುತಿನ ಜೊತೆ ತಾಳೆ ನೋಡುವುದು. ಹೊಂದಿದರೆ ಭೇಷ್ ಎನ್ನುತ್ತಿರಲಿಲ್ಲ, ಹೊಂದದಿದ್ದರೆ ಬಯ್ಯುತ್ತಿರಲಿಲ್ಲ. ನೀನು ಎಲ್ಲಿ ನೋಡಿದ್ದೆ, ಎಲ್ಲಿ ನೋಡಲಿಲ್ಲ, ಅಷ್ಟೇ. ವಿರೂಪಾಕ್ಷಪ್ಪನವರದು ಅಶ್ವಿನಿ ಕಟ್ಟಿದ ಮೊದಲ ಪೂರ್ತಿ ಸೆಟ್ಟು. ನರಸಿಂಹರಾಜಪುರದ ಪೇಟೆಯಲ್ಲಿ ಭತ್ತದ ವ್ಯಾಪಾರ ಮಾಡಿ ಈಗ ಮಗನಿಗೆ ಬಿಟ್ಟುಕೊಟ್ಟು ಕೂತಿರುವ ಅಜ್ಜ, ಹಣೆ ತುಂಬ ವಿಭೂತಿ. ಸೆಟ್ಟು ಹಾಕಿದ ದಿನ ಅವರು ಕನ್ನಡಿಯಲ್ಲಿ ನೋಡಿಕೊಂಡು, ಮದುವೆ ಗಂಡಿನ ಹಾಗೆ ಕಾಣ್ತಿದೀನಿ ಎಂದರು. ನೀವು ಅಶ್ವಿನಿಗೆ ಪೆನ್ಸಿಲ್ ಕೊಟ್ಟಿರಿ. ಅವಳು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಮೇಜಿನ ಮೇಲೆ ಇಟ್ಟುಬಿಟ್ಟಳು. ಎಲ್ಲೂ ನೋಯೂದಿಲ್ಲ ಅನಸ್ತದರಿ ಸರ್ ಎಂದಳು. ನೀವು ಸರಿ ಎಂದಿರಿ. ಅಷ್ಟೇ. ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಯಾಕೆ ಒತ್ತಾಯ ಮಾಡಲಿಲ್ಲ? ಆಯಾಸವಾಗಿತ್ತೇ, ಅಥವಾ...

ಅದೇ ಸಂಜೆ ನಿಮಗೆ ಎದೆನೋವು ಬಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಕೆಲವು ದಿನ ಬಿಟ್ಟು ಬೆಳಿಗ್ಗೆ ನೀವೇ ಫೋನ್ ಮಾಡಿದಿರಿ. ಸ್ವರ ಸಣ್ಣದಾಗಿತ್ತು, ಹುಕುಂ ಮಾತ್ರ ಎಂದಿನಂತೆ.

"ಇವತ್ತು ಏಕಾದಶಿ ಅಲ್ಲ, ನೋಡಿದೀನಿ. ಎನ್.ಆರ್. ಪುರಕ್ಕೆ ಹೋಗಿ ಬಾ. ಬಂದು ಅಶ್ವಿನಿಗೆ ನೀನಾಗಿ ಹೇಳಬೇಡ ಮಾರಾಯ್ತಿ. ಮೊದಲು ಅವಳನ್ನ ಕೇಳು. ಅವಳು ಹೇಳಿದ ಮೇಲೆ ನೀ ಹೇಳು."

ಅವಳು ಹೇಳದಿದ್ದರೆ ಎಂದು ಕೇಳಿದೆ. ಕಾಯಬೇಕು ಎಂದಿರಿ. ಎಷ್ಟು ಹೊತ್ತು ಎಂದು ಕೇಳುವುದರೊಳಗೆ ನರ್ಸ್ ಯಾರೋ ಫೋನ್ ಇಡಲು ಹೇಳಿದರು. ಅದೇ ಕೊನೆ.

ವಿರೂಪಾಕ್ಷಪ್ಪನವರ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿದಾಗ ನಾನು ಅವರ ಎದುರಿನ ಸಾಲಿನಲ್ಲಿ ಕೂತೆ. ಅವರ ಹೆಂಡತಿ ಗಿರಿಜಮ್ಮ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಅಜ್ಜ ಬಂದು ಕೂತರು, ಗೋಡೆಯ ಕಡೆ ತಿರುಗಿ ಕೆಮ್ಮಿದ ಹಾಗೆ ಮಾಡಿದರು, ಹೆಗಲ ಮೇಲಿನ ಟವೆಲು ಬಾಯಿಗೆ ಹೋಗಿ ಬಂತು. ತಿರುಗಿದಾಗ ಕೆನ್ನೆ ಒಳಗೆ ಹೋಗಿತ್ತು. ರೊಟ್ಟಿಯನ್ನು ಚೂರು ಮಾಡಿ ಮಜ್ಜಿಗೆಯಲ್ಲಿ ಹಾಕಿಕೊಂಡರು. ನನ್ನ ಕಣ್ಣು ಸೆಟ್ಟು ಅಡಗಿದ ಟವೆಲಿನ ಗಂಟಿನ ಮೇಲೆ ಇದ್ದದ್ದನ್ನು ಅವರು ನೋಡಿದರು. ಊಟ ಮುಗಿದ ಮೇಲೆ ನನ್ನನ್ನು ಹಿತ್ತಲಿನ ಕಡೆ ಕರೆದರು. ಬಾಯಿ ತೋರಿಸಿ ಅಜ್ಜ ಎಂದೆ. ತೋರಿಸಿದರು. ಕೆಳಗೆ ಎಡಗಡೆ, ನಾಲಿಗೆಯ ಪಕ್ಕದ ಒಳಬದಿಯಲ್ಲಿ ಉಗುರು ಗೀರಿದ ಹಾಗೆ ಗಾಯ, ಸುತ್ತ ಕೆಂಪಗೆ.

"ಆ ಮಗೀಗೆ ಹೇಳ್ಬೇಡ ಮಾರಾಯ್ತಿ," ಎಂದರು. "ಎಷ್ಟು ಸಲ ನನ್ನ ಬಾಯೊಳಗೆ ಕೈ ಹಾಕಿ, ಬೇಜಾರಿಲ್ದೆ ಮಾಡಿದೆ. ನಂದೇನು, ಇನ್ನೆಷ್ಟು ದಿನ ಅಗೀಬೇಕು. ಡಾಕ್ಟ್ರಿಗೂ ಹುಷಾರಿಲ್ಲ ಅಂತೀಯ. ಚೆನ್ನಾಗಿದೆ ಅಂತ ಹೇಳಿಬಿಡು."

ನಾನು ಹಾಗೆ ಹೇಳಲಾರೆ ಎಂದೆ. ಗೊತ್ತು, ನಿನ್ನ ವಿಷಯ ಕೇಳಿದೀನಿ ಎಂದು ಮುಖ ಸಪ್ಪಗೆ ಮಾಡಿಕೊಂಡರು. ಕೊಪ್ಪದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ನಿಮಗೆ ಹೇಳಬೇಕಾದ್ದನ್ನು ಕಂಡದ್ದು, ಊಹಿಸಿದ್ದು ಎಂದು ಬೇರೆ ಬೇರೆ ಮಾಡಿ ಜೋಡಿಸಿಕೊಳ್ಳುತ್ತಿದ್ದಾಗ ಅಪ್ಪನ ಫೋನು ಬಂತು. ಅಪ್ಪ ಅಳುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಿಮ್ಮ ಕ್ಲಿನಿಕ್ಕಿನ ಬಾಗಿಲನ್ನು ಅತ್ತೆ ಮತ್ತೆ ತೆಗೆಸಿದ ದಿನ ಅಶ್ವಿನಿ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಕಾಲೇಜಿನಿಂದ ನಿಮ್ಮ ಜಾಗಕ್ಕೆ ಮೇಡಂ ಒಬ್ಬರು ಬರುವವರೆಗೆ ಹೊಸ ಕೆಲಸ ತೆಗೆದುಕೊಳ್ಳಬಾರದೆಂದು ಹೇಳಿದ್ದರು. ಅವಳ ಪೋಸ್ಟಿಂಗ್ ಮುಗಿಯುತ್ತಾ ಬಂದಿತ್ತು. ಬ್ಯಾಗು ತುಂಬಿಕೊಂಡು ಊರಿಗೆ ಹೋದರೆ ಯಾರೂ ಕೇಳುತ್ತಿರಲಿಲ್ಲ. ಮಾತಾಡಿಸಲು ಬಂದವರೆಲ್ಲ, ಡಾಕ್ಟ್ರು ನಿನ್ನ ಕೈ ಹೊಗಳ್ತಿದ್ರಮ್ಮ ಎಂದು ಅವಳನ್ನು ಸಮಾಧಾನ ಮಾಡುತ್ತಿದ್ದರು. ಅದು ನಿಜವೂ ಹೌದು. ಎಲ್ಲರೂ ಹೋದ ಮೇಲೆ ನಾನು ನಿಮ್ಮ ಮಾತಿನಂತೆ ಕೇಳಿದೆ. ವಿರೂಪಾಕ್ಷಪ್ಪನವರ ಸೆಟ್ಟು ಹೇಗಾಗಿದೆ ಅಶ್ವಿನಿ?

ಅವಳು ನಿಮ್ಮ ಕುರ್ಚಿಯ ಕಡೆ ನೋಡಿದಳು. ಆಮೇಲೆ ಜಗಲಿಯ ಕಡೆ. ಪರವಾಗಿ... ಎಂದಳು, ನಿಲ್ಲಿಸಿದಳು. ನನ್ನ ಮುಖ ನೋಡಿದಳು. ನಾನು ಗೋಡೆಗೆ ತಿರುಗಿ ನಿಂತೆ. ಮಾವ, ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದಿಲ್ಲ. ಹೇಳಿಬಿಟ್ಟರೆ ಮುಗಿಯಿತು, ಅಜ್ಜನ ಗಾಯಕ್ಕಾದರೂ ಒಂದು ದಾರಿ ಆದೀತು ಎಂದು ನಾಲಿಗೆ ತುದಿಗೆ ಬರುತ್ತಿತ್ತು. ಕಾಯಿಸುವುದು ತಪ್ಪಲ್ಲವೇ, ಅಲ್ಲಿ ಒಬ್ಬರು ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ನುಂಗುತ್ತಿರುವಾಗ? ಹಿಂದಿನಿಂದ ಕಪಾಟು ತೆಗೆದ ಸದ್ದು ಕೇಳಿತು. ಅಚ್ಚು ಮೇಜಿನ ಮೇಲೆ ಇಟ್ಟ ಸದ್ದು. ಕೊನೆಗೆ ತಡೆಯಲಾರದೆ ತಿರುಗಿದೆ. ಅವಳು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಅಚ್ಚಿನ ಕೆಳದವಡೆಯ ಒಳಬದಿಯನ್ನು ಸವರುತ್ತಿದ್ದಳು, ಕತ್ತಲಲ್ಲಿ ಬೆಂಕಿಪೆಟ್ಟಿಗೆ ಹುಡುಕುವವರ ಹಾಗೆ. ಎಡಗಡೆ ಬೆರಳು ನಿಂತಿತು. ಪೆನ್ಸಿಲ್ ತೆಗೆದುಕೊಂಡು ಅಲ್ಲೊಂದು ಗೆರೆ ಎಳೆದಳು.

"ಇಲ್ಲಿ ಅಂಚು ಉದ್ದ ಆಗೇದ ಪೂರ್ಣಿ. ಅವತ್ತ ಗೊತ್ತಿತ್ತು ನನಗ. ಸರ್ ನೋಡ್ತಾರ, ತಪ್ಪಿದ್ರ ಹೇಳ್ತಾರ ಅಂತ ಸುಮ್ನಾದೆ. ಸರ್ ಏನೂ ಅನಲಿಲ್ಲ, ಹಂಗಾರ ಸರಿ ಇರಬೇಕು ಅನಕೊಂಡೆ."

ಆಮೇಲೆ ಮೇಲ್ದವಡೆಯ ಅಚ್ಚಿನಲ್ಲಿ ಮುಂದುಗಡೆ ಇನ್ನೊಂದು ಗುರುತು ಹಾಕಿದಳು. ಇಲ್ಲೂ ಇರಬಹುದು, ಖಾತ್ರಿ ಇಲ್ಲ ಎಂದಳು. ನಾನು ಆಗ ಹೇಳಿದೆ. ಎಡಗಡೆಯ ಗಾಯ ಕಂಡದ್ದು. ಮೇಲಿನದನ್ನು ನಾನು ನೋಡಿಲ್ಲ. ಟವೆಲಿನ ವಿಷಯವನ್ನೂ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ನಾಳೆ ಮೊದಲ ಬಸ್ಸು ಯಾವುದು ಎಂದು ಕೇಳಿದಳು.

ಕಾಲೇಜಿಗೆ ಫೋನ್ ಮಾಡಿ, ಇದು ಹೊಸ ಕೆಲಸವಲ್ಲ, ನನ್ನದೇ ಹಳೆಯದನ್ನು ಸರಿಮಾಡುವುದು ಎಂದು ಒಪ್ಪಿಸಿದವಳೂ ಅವಳೇ. ವಿರೂಪಾಕ್ಷಪ್ಪನವರು ನಮ್ಮಿಬ್ಬರನ್ನು ಬಾಗಿಲಲ್ಲಿ ಕಂಡದ್ದೇ ಒಳಗೆ ಹೋಗಿ ಸೆಟ್ಟು ಹಾಕಿಕೊಂಡು ನಗುತ್ತಾ ಬಂದರು. ಬಹಳ ಚೆನ್ನಾಗಿದೆ ಮಗಳೇ, ಏನೂ ತೊಂದರೆ ಇಲ್ಲ ಎಂದರು. ಅಶ್ವಿನಿ ಅವರ ಕಾಲ ಹತ್ತಿರ ನೆಲದ ಮೇಲೆ ಕೂತಳು. "ಅಜ್ಜಾರ, ನಾ ತಪ್ಪ ಮಾಡೀನಿ, ಅದು ನನಗ ಗೊತ್ತದ. ಎಲ್ಲಿ ಚುಚ್ಚತದ ಅಂತ ನೀವು ಹೇಳಲಿಲ್ಲ ಅಂದ್ರ ಮುಂದಿನ ಅಜ್ಜಾಗೂ ನಾ ಇದನ್ನ ಮಾಡತೀನಿ."

ಅಜ್ಜ ನನ್ನನ್ನು ದುರುಗುಟ್ಟಿ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ನಾನು ಮೊದಲು ಹೇಳಿದ್ದಲ್ಲ ಎಂಬಂತೆ. ಅಷ್ಟರಲ್ಲಿ ಅಡುಗೆಮನೆಯಿಂದ ಗಿರಿಜಮ್ಮನ ಸ್ವರ ಬಂತು. "ಹೇಳ್ರೀ ಈಗ. ಬೆಳಿಗ್ಗೆ ಎದ್ದ ಕೂಡ್ಲೆ ನನ್ನ ಹತ್ರ ಬೈಕೊಳ್ಳೋಕೆ ಬರುತ್ತಲ್ಲ, ಮಾಡಿದೋರು ಎದುರಿಗಿದ್ದಾಗ ಎಂತಕ್ಕೆ ಬಾಯಿ ಕಟ್ಟುತ್ತೆ?"

ಅವರ ಬಾಯಿ ಬಿಚ್ಚಿಕೊಂಡದ್ದನ್ನು ನೀವು ಕೇಳಬೇಕಿತ್ತು. ಎಡಗಡೆ ಚುಚ್ಚುತ್ತದೆ. ಸೀನಿದರೆ ಕೆಳಗಿನದು ಎದ್ದು ಬರುತ್ತದೆ. ಮಾತಾಡುವಾಗ ಕಟಕಟ ಎಂದು ಸದ್ದು, ಮೊಮ್ಮಗ ಅಣಕಿಸಿ ತೋರಿಸುತ್ತಾನೆ. ಮಠಕ್ಕೆ ಹೋದಾಗ ಪ್ರಸಾದವನ್ನು ಜೇಬಿಗೆ ಹಾಕಿಕೊಂಡು ಬರಬೇಕಾಯಿತು. ಮೇಲಿನದರಲ್ಲಿ ಮಾತ್ರ ಒಂದೂ ದೂರಿಲ್ಲ ಎಂದರು. ಅಲ್ಲಿಗೆ ಅವಳ ಎರಡನೆಯ ಗುರುತು ತಪ್ಪಾಯಿತು. ಅಶ್ವಿನಿ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಹೇಳಿದ್ದನ್ನೆಲ್ಲ ಬಾಯೊಳಗೆ ಬೆರಳಿಟ್ಟು ಹುಡುಕಿದಳು. ತಂದಿದ್ದ ಸಣ್ಣ ಮೋಟರಿನಿಂದ ಅಂಚನ್ನು ಉಜ್ಜಿದಳು, ಹಾಕಿ ನೋಡಿದಳು, ರೊಟ್ಟಿ ಚೂರು ಕೊಟ್ಟಳು. ಅಜ್ಜ ಅಗಿದು, ಇನ್ನೂ ಸ್ವಲ್ಪ ಎಂದರು. ಮತ್ತೆ ಉಜ್ಜಿದಳು. ಇನ್ನೂ ಸ್ವಲ್ಪ. ಹೇಳಲು ಅಂಜುತ್ತಿದ್ದವರು ಈಗ ಹುಕುಂ ಮಾಡುವವರಾಗಿದ್ದರು. ಕೊನೆಗೆ ಸಾಕು ಎಂದಾಗ, ಹೇಗಾಯಿತು ಎಂದು ಯಾರೂ ಕೇಳುವ ಮೊದಲೇ ಅವಳು ಹೇಳಿದಳು. ಗಾಯದ ಮಟ್ಟಿಗೆ ಸರಿಹೋಯಿತು, ಆದರೆ ಸೀನಿದರೆ ಏಳುವುದು ಇದರಿಂದ ಹೋಗುವುದಿಲ್ಲ, ಕೆಳಗಿನದರ ಅಳತೆಯನ್ನೇ ನಾನು ಸರಿಯಾಗಿ ತೆಗೆದಿಲ್ಲ, ಹೊಸದು ಮಾಡಬೇಕು, ಮಾಡಿಯೇ ಊರಿಗೆ ಹೋಗುತ್ತೇನೆ.

ಪರವಾಗಿಲ್ಲ ಎಂಬ ಮಾತು ಅದರಲ್ಲಿ ಒಂದು ಸಲವೂ ಬರಲಿಲ್ಲ, ಮಾವ. ನೀವು ಅವತ್ತು ಸರಿ ಎಂದು ಸುಮ್ಮನಾದದ್ದು ಇದಕ್ಕೇ ಇರಬಹುದೇ? ಇದು ಕಂಡದ್ದಲ್ಲ, ಊಹೆ. ಹಾಗೆಂದೇ ಬರೆಯುತ್ತಿದ್ದೇನೆ.

ಹೊಸ ಮೇಡಂ ಬಂದಾಗ ಅಶ್ವಿನಿ ಪೋಸ್ಟಿಂಗನ್ನು ಇನ್ನೊಂದು ತಿಂಗಳು ಮುಂದುವರಿಸಿಕೊಂಡಳು. ಅವರು ನನ್ನನ್ನು ನೋಡಿ, ನೀನೇನು ಕೆಲಸ ಮಾಡೋದಮ್ಮ ಎಂದು ಕೇಳಿದರು. ಊಟ ಮಾಡಿ ಬರ್ತೀನಿ ಮೇಡಂ ಎಂದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಈಗ ನನ್ನನ್ನು ಉಳಿಸಿಕೊಂಡಿದ್ದಾರೆ. ಪಿಯುಸಿ ಪರೀಕ್ಷೆಗೆ ಕಟ್ಟಿದ್ದೇನೆ ಎಂದು ಬರೆದರೆ ನಿಮಗೆ ಖುಷಿಯಾದೀತು, ಆದರೆ ಕಟ್ಟಿಲ್ಲ. ಕಟ್ಟುತ್ತೇನೆ ಎಂದೂ ಹೇಳುವುದಿಲ್ಲ. ಅರ್ಜಿ ಹಾಕುವ ಕೊನೆಯ ದಿನ ಯಾವಾಗ ಎಂದು ಈ ಸಲ ವಿಚಾರಿಸಿದ್ದೇನೆ, ಅಷ್ಟು ನಿಜ. ನೀವು ನನ್ನನ್ನು ತಿದ್ದಲಿಲ್ಲ, ಬಾಯಿ ಮುಚ್ಚು ಎನ್ನಲಿಲ್ಲ. ನಾನು ಹೇಗಿದ್ದೆನೋ ಹಾಗೆಯೇ ಉಪಯೋಗಕ್ಕೆ ಬರುತ್ತೇನೆ ಎಂದು ತೋರಿಸಿದಿರಿ. ಅದಕ್ಕೆ ಏನು ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ. ಎದುರಿಗಿದ್ದಾಗ ಹೇಳಿದ್ದರೆ ನೀವು ಬೇರೆ ಮಾತು ತೆಗೆಯುತ್ತಿದ್ದಿರಿ.

ಇನ್ನು ನಿನ್ನೆಯ ಸುದ್ದಿ. ಹೊಸ ಸೆಟ್ಟು ಹಾಕಿ ಒಂದು ವಾರವಾಗಿತ್ತು. ನಾನು ಅಜ್ಜನ ಮನೆಯ ಊಟಕ್ಕೆ ಹೊರಡಬೇಕೆಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಎನ್.ಆರ್. ಪುರದ ಬಸ್ಸು ಇಳಿದು ಯಾರೋ ಕೊಡೆ ಊರಿಕೊಂಡು ಕ್ಲಿನಿಕ್ಕಿನ ಕಡೆ ಬರುತ್ತಿದ್ದರು. ವಿರೂಪಾಕ್ಷಪ್ಪನವರು. ಯಾರೂ ಕರೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಜನ ಕೂತಿದ್ದರು, ಹಲ್ಲು ಕೀಳಿಸುವವರು, ತುಂಬಿಸಿಕೊಂಡು ತೋರಿಸಲು ಬಂದವರು. ಅಜ್ಜ ಅವರೆಲ್ಲರ ಎದುರು ಬಾಗಿಲಲ್ಲಿ ನಿಂತು, ಒಳಗಿದ್ದ ಅಶ್ವಿನಿಗೆ ಕೇಳುವ ಹಾಗೆ ಹೇಳಿದರು.

"ಮಗಳೇ, ಸೀನಿದ್ರೆ ಏಳಲ್ಲ, ಅದು ಸರಿಯಾಯ್ತು. ಆದ್ರೆ ಬಲಗಡೆ ಚುಚ್ಚುತ್ತೆ. ಇದು ಸರಿಯಿಲ್ಲ."

ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿದರು, ಯಾರದೋ ಮನೆಯ ಜಗಳ ಕೇಳಿಸಿಕೊಂಡವರ ಹಾಗೆ. ಅಶ್ವಿನಿ ಹೊರಗೆ ಬಂದಳು. ಬಲಗಡೆನಾ, ನಾ ಎಡಗಡೆ ಅನಕೊಂಡಿದ್ದೆ ನೋಡ್ರಿ ಅಜ್ಜಾರ, ನನ್ನ ಅಂದಾಜು ತಪ್ಪಿತು ಎಂದು ಎಲ್ಲರೆದುರು ಹೇಳಿ, ಅವರ ಕೈ ಹಿಡಿದು ಒಳಗೆ ಕರೆದಳು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಅಜ್ಜನ ಮುಖದಲ್ಲೂ ಇರಲಿಲ್ಲ. ಆಮೇಲೆ ಬೆಂಚಿನ ತುದಿಯಲ್ಲಿ ಕೂತಿದ್ದ ಶೃಂಗೇರಿಯ ಹೆಂಗಸೊಬ್ಬರು, ಬಂದಾಗಿನಿಂದ ಎಲ್ಲ ಚೆನ್ನಾಗಿದೆ ಎನ್ನುತ್ತಾ ಇದ್ದವರು, ಸೆರಗು ಸರಿಮಾಡಿಕೊಂಡು ಮೆಲ್ಲಗೆ ಎದ್ದು ನಿಂತರು.

"ಹೌದನಾ, ಹಾಗೆ ಹೇಳ್ಬಹುದಾ ಇಲ್ಲಿ? ಹಂಗಾದ್ರೆ ನಂದೂ ಒಂದು ಹೇಳೋದಿತ್ತು."

ಇಷ್ಟೂ ನಾನು ಕಂಡದ್ದು, ಮಾವ.

ನಿಮ್ಮ ಹುಕುಂ ಮುಗಿಸಿದ
ಪೂರ್ಣಿ